ಹೆಗಲು ಇಳಿಸೋಣ ಬನ್ನಿ: ಮನಸ್ಸಿನ ಟೆನ್ಶನ್ ಮೈಯಲ್ಲಿ ಕೂತಾಗ ಬಿಡಿಸಿಕೊಳ್ಳುವ ದಾರಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ಫಿಸಿಯೋಥೆರಪಿ ಶುರು ಮಾಡಿ 19 ವರ್ಷ ಆಯ್ತು. ಬರುವವರಲ್ಲಿ ಮರಾಠಿ ಮಂದಿ ಜಾಸ್ತಿ. ಆದರೂ ಬಾಗಿಲ ಬೋರ್ಡಿನಲ್ಲಿ ಕನ್ನಡ ಅಕ್ಷರ ಕಂಡು ಒಳಗೆ ಬರುವವರು ವಾರಕ್ಕೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ನೋವನ್ನು ತಮ್ಮ ಊರಿನ ಮಾತಿನಲ್ಲೇ ಹೇಳಬಹುದಲ್ಲ, ಅವರಿಗೆ ಅದೇ ಅರ್ಧ ಸಮಾಧಾನ. ಕುಂದಾಪುರದವರು ‘ಕುತ್ತಿಗಿ ಹಿಡ್ಕಂಡಿತ್ ಡಾಕ್ಟ್ರೇ’ ಅನ್ನುತ್ತಾರೆ. ಧಾರವಾಡದ ಕಡೆಯವರು ‘ಹೆಗಲ ಜಗ್ಗತೈತ್ರಿ’ ಅನ್ನುತ್ತಾರೆ. ಮೈಸೂರಿನ ಒಬ್ಬ ಅಮ್ಮ ‘ಬೆನ್ನ ಮೇಲೆ ಯಾರೋ ಕೂತ ಹಾಗಿದೆ ಕಣಮ್ಮ’ ಅಂದಿದ್ದರು.

ಇವರಲ್ಲಿ ಹಲವರ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ, ಕೆಲವರದ್ದು ಎಂಆರ್‌ಐ. ಯಾವುದರಲ್ಲೂ ಗಾಬರಿಯಾಗುವಂಥದ್ದು ಕಾಣುವುದಿಲ್ಲ. ಆಗ ಬರುವ ಪ್ರಶ್ನೆ ಒಂದೇ. ‘ಏನೂ ಇಲ್ಲ ಅಂದ್ರೆ ನೋವು ಯಾಕೆ? ನಾನು ಸುಮ್ನೆ ಹೇಳ್ತಿದ್ದೀನಾ?’

ಇಲ್ಲ, ಸುಮ್ನೆ ಹೇಳುತ್ತಿಲ್ಲ. ನೋವು ನಿಜ. ಕೈ ಇಟ್ಟರೆ ಆ ಬಿಗಿ ನನಗೂ ಸಿಗುತ್ತದೆ. ಮೂಳೆ ಸವೆದಿಲ್ಲ, ನರ ಒತ್ತಿಲ್ಲ. ಸ್ನಾಯು ಬಿಗಿ ಹಿಡಿದಿದೆ, ಅಷ್ಟೇ. ಕಷ್ಟ ಏನೆಂದರೆ, ಹಿಡಿದಿರುವುದು ಅವರಿಗೇ ಗೊತ್ತಿಲ್ಲ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ. ಹಿಡಿದಿದ್ದೇನೆ ಅಂತ ಗೊತ್ತಾಗದೆ ಬಿಡುವುದಕ್ಕೆ ಆಗುವುದಿಲ್ಲ.

ಮೈ ಯಾಕೆ ಬಿಗಿಯುತ್ತದೆ

ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತಿದ್ದೀರಿ. ಹಿಂದಿನಿಂದ ಯಾರೋ ಜೋರಾಗಿ ನೂಕಿದರು. ಯೋಚನೆ ಬರುವ ಮೊದಲೇ ಮೈ ಕೆಲಸ ಮುಗಿಸಿರುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ. ಹೆಗಲು ಮೇಲೇಳುತ್ತದೆ, ಕುತ್ತಿಗೆ ಒಳಗೆ ಸೇರುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ, ಕೈ ಮುಷ್ಟಿಯಾಗುತ್ತದೆ. ಏಟು ಬೀಳುತ್ತದೆ ಅಂದಾಗ ಚಿಕ್ಕ ಮಗು ಕೂಡ ಹೀಗೇ ಮಾಡುತ್ತದೆ. ಯಾರೂ ಕಲಿಸಬೇಕಾಗಿಲ್ಲ. ಅಪಾಯ ಹೋದ ಮೇಲೆ ಎಲ್ಲ ತಾನಾಗಿಯೇ ಇಳಿಯುತ್ತದೆ.

ಈಗ ಇನ್ನೊಂದು ರೀತಿಯ ಅಪಾಯ ನೋಡಿ. ಮನೆಯ ಇಎಂಐ. ಮಗಳ ಹತ್ತನೇ ಕ್ಲಾಸು. ರಾತ್ರಿ ಹತ್ತಕ್ಕೆ ಮ್ಯಾನೇಜರ್ ಕಳಿಸುವ ಮೆಸೇಜು. ಊರಿನಲ್ಲಿ ಒಬ್ಬರೇ ಇರುವ ಅಪ್ಪನ ಬಿಪಿ. ಇವು ಬಂದು ಹೋಗುವ ಅಪಾಯಗಳಲ್ಲ, ಕೂತಿರುವ ಅಪಾಯಗಳು. ಮೈಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ನೂಕಿದಾಗ ಮಾಡಿದ್ದನ್ನೇ ಇಲ್ಲೂ ಮಾಡುತ್ತದೆ, ಆದರೆ ಸಣ್ಣ ಪ್ರಮಾಣದಲ್ಲಿ, ಇಡೀ ದಿನ. ಹೆಗಲು ಒಂದು ಬೆರಳಷ್ಟು ಎದ್ದೇ ಇರುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ ಅದೇ ಸರಿಯಾದ ಜಾಗ ಅಂತ ನಮಗೂ ಅನಿಸಿಬಿಡುತ್ತದೆ.

ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಹಿಂಡುತ್ತದೆ. ರಕ್ತ ಕಡಿಮೆ ಬಂದರೆ ಆಮ್ಲಜನಕ ಕಡಿಮೆ. ಹೊರಗೆ ಹೋಗಬೇಕಾದ ಕಸ ಅಲ್ಲೇ ಉಳಿದು ನರದ ತುದಿಗಳನ್ನು ಕೆಣಕುತ್ತದೆ, ನೋವಾಗುತ್ತದೆ. ನೋವಾದರೆ ಆ ಜಾಗವನ್ನು ಕಾಪಾಡಲು ಮೈ ಇನ್ನಷ್ಟು ಬಿಗಿಯುತ್ತದೆ. ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ.

ನನಗೆ ಕಾಲೇಜಿನಲ್ಲಿ ತುಂಬಾ ಅಚ್ಚರಿ ತಂದ ಒಂದು ವಿಷಯ ಇದೆ. ಸ್ನಾಯು ಬಿಗಿಯಲು ಶಕ್ತಿ ಬೇಕು ಅಂತ ಎಲ್ಲರಿಗೂ ಗೊತ್ತು. ಸಡಿಲವಾಗಲೂ ಶಕ್ತಿ ಬೇಕು. ಎಟಿಪಿ ಅನ್ನುವ ಇಂಧನ ಸಿಕ್ಕರೆ ಮಾತ್ರ ಸ್ನಾಯುವಿನ ಎಳೆಗಳು ಒಂದನ್ನೊಂದು ಬಿಟ್ಟುಕೊಡುತ್ತವೆ. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವುದು ಆ ಇಂಧನ ಮುಗಿದದ್ದಕ್ಕೇ. ಹಾಗಾಗಿ ‘ಬಿಡು’ ಅನ್ನುವುದು ಏನೂ ಮಾಡದೆ ಆಗುವಂಥದ್ದಲ್ಲ. ಅದೂ ಮೈ ಮಾಡಬೇಕಾದ ಒಂದು ಕೆಲಸ. ಮನೆಯವರು ‘ಟೆನ್ಶನ್ ತಗೋಬೇಡ’ ಅಂತ ಹತ್ತು ಸಲ ಹೇಳಿದರೂ ಹೆಗಲು ಇಳಿಯದಿದ್ದರೆ ಅದು ನಿಮ್ಮ ತಪ್ಪಲ್ಲ. ಬಿಡುವುದನ್ನು ಕಲಿಯಬೇಕು, ಕಲಿಯಬಹುದು.

ಮೊದಲ ಹೆಜ್ಜೆ: ಮೂರು ದಿನ ಬರೀ ನೋಡಿ

ವ್ಯಾಯಾಮ ಈಗಲೇ ಬೇಡ. ಒಂದು ಚೀಟಿ ಇಟ್ಟುಕೊಳ್ಳಿ. ದಿನಕ್ಕೆ ಆರು ಸಲ ಮೈಯನ್ನು ಮೇಲಿನಿಂದ ಕೆಳಗೆ ನೋಡಿಕೊಳ್ಳಿ. ಹುಬ್ಬು ಗಂಟಿಕ್ಕಿದೆಯಾ, ಹಲ್ಲು ಒತ್ತಿದೆಯಾ, ಹೆಗಲು ಎದ್ದಿದೆಯಾ, ಉಸಿರು ಎದೆಯಲ್ಲೇ ನಿಂತಿದೆಯಾ, ಹೊಟ್ಟೆ ಒಳಗೆ ಎಳೆದಿದೆಯಾ, ಕೈ ಮುಷ್ಟಿಯಾಗಿದೆಯಾ, ಕಾಲಿನ ಬೆರಳು ಚಪ್ಪಲಿಯನ್ನು ಹಿಡಿದಿದೆಯಾ. ಏನು ಕಂಡಿತು, ಆಗ ಏನು ಮಾಡುತ್ತಿದ್ದಿರಿ, ಎರಡೇ ಪದ ಬರೆಯಿರಿ. ಸರಿ ಮಾಡಲು ಹೋಗಬೇಡಿ. ಸರಿ ಮಾಡುವ ಅವಸರದಲ್ಲಿ ನೋಡುವುದೇ ತಪ್ಪಿಹೋಗುತ್ತದೆ.

ಈ ಹೆಜ್ಜೆಯನ್ನು ಹತ್ತರಲ್ಲಿ ಎಂಟು ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ. ಯಾಕೆ ಅಂತ ಒಬ್ಬರ ಕಥೆ ಹೇಳುತ್ತೇನೆ.

ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಣ್ಣ ಒಬ್ಬರು, ಐವತ್ತರ ಆಸುಪಾಸು, ಎಡಗಡೆ ಹೆಗಲು ನೋವು ಅಂತ ಬಂದಿದ್ದರು. ಎರಡು ವರ್ಷದಿಂದ ಇತ್ತು. ಮುಲಾಮು, ಮಾಲೀಶು, ಬೆಲ್ಟು ಎಲ್ಲ ಆಗಿತ್ತು. ‘ಗಲ್ಲಾದಲ್ಲಿ ಕೂತೇ ಹೀಗಾಯ್ತು ಡಾಕ್ಟ್ರೇ, ಕುರ್ಚಿ ಸರಿಯಿಲ್ಲ’ ಅಂತ ಅವರ ಲೆಕ್ಕ. ನಾನೂ ಹಾಗೇ ಅಂದುಕೊಂಡೆ. ಚೀಟಿ ಕೊಟ್ಟು ಕಳಿಸಿದೆ. ಮೂರು ದಿನ ಬಿಟ್ಟು ಬಂದರು. ಬೆಳಗ್ಗೆ ಇಡ್ಲಿ, ದೋಸೆಗೆ ಕ್ಯೂ ನಿಂತು, ಪೇಮೆಂಟ್ ಬಂತು ಅಂತ ಆ ಡಬ್ಬಿ ಒಂದೇ ಸಮ ಕೂಗುವ ಹೊತ್ತಿನಲ್ಲಿ ಹೆಗಲು ಸರಿಯಾಗಿತ್ತು. ಎದ್ದದ್ದು ಮಧ್ಯಾಹ್ನ ಮೂರೂವರೆಗೆ. ಹೋಟೆಲ್ ಖಾಲಿ ಇರುವ ಹೊತ್ತು. ಮೂರು ದಿನವೂ ಅದೇ. ಆ ಹೊತ್ತಿನಲ್ಲಿ ಅವರು ಊರಿಗೆ ಫೋನ್ ಮಾಡುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಜಾಗದ ತಕರಾರು. ಫೋನನ್ನು ಎಡಗಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಅರ್ಧ ಗಂಟೆ ಮಾತಾಡುತ್ತಿದ್ದರು. ಇಟ್ಟ ಮೇಲೂ ಹೆಗಲು ಫೋನ್ ಹಿಡಿದ ಹಾಗೇ ಇರುತ್ತಿತ್ತು, ರಾತ್ರಿ ಮಲಗುವವರೆಗೆ.

ಕುರ್ಚಿ ಬದಲಾಯಿಸಿದ್ದರೆ ಏನಾಗುತ್ತಿತ್ತು ಹೇಳಿ. ಚೀಟಿ ಅವರಿಗೆ ಜಾಗ ತೋರಿಸಿತು. ಫೋನನ್ನು ಮೇಜಿನ ಮೇಲಿಟ್ಟು ಇಯರ್‌ಫೋನ್‌ನಲ್ಲಿ ಮಾತಾಡಲು ಶುರು ಮಾಡಿದರು. ಮಾತು ಮುಗಿದ ಮೇಲೆ ನಾನು ಕೆಳಗೆ ಹೇಳುವ ಉಸಿರಾಟ ಐದು ನಿಮಿಷ ಮಾಡಿದರು. ತಕರಾರು ಇನ್ನೂ ಇದೆ. ಹೆಗಲು ಆರು ವಾರದಲ್ಲಿ ಹದಕ್ಕೆ ಬಂತು.

ಎರಡನೇ ಹೆಜ್ಜೆ: ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ

ಅಗಿಯುವಾಗ ಮತ್ತು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಇದನ್ನು ಕೇಳಿ ಆಶ್ಚರ್ಯಪಡುವವರೇ ಜಾಸ್ತಿ. ದವಡೆಯನ್ನು ಮುಚ್ಚುವ ಸ್ನಾಯು ಮೈಯಲ್ಲೇ ತುಂಬಾ ಬಲವಾದವುಗಳಲ್ಲಿ ಒಂದು. ಅದು ಇಡೀ ದಿನ ಒತ್ತುತ್ತಿದ್ದರೆ ಕಿವಿಯ ಮುಂದೆ ನೋವು, ಕಪಾಲದ ಎರಡೂ ಬದಿ ನೋವು, ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ತಲೆನೋವು. ಹಗಲು ಒತ್ತುವವರಲ್ಲಿ ಕೆಲವರು ರಾತ್ರಿ ಹಲ್ಲು ಕಡಿಯುತ್ತಾರೆ.

2020ರ ಲಾಕ್‌ಡೌನಿನಲ್ಲಿ ಕ್ಲಿನಿಕ್ ಮುಚ್ಚಿದ್ದೆ, ಅಮ್ಮ ಕುಮಟೆಯಲ್ಲಿದ್ದರು, ಹೋಗಲು ದಾರಿಯಿರಲಿಲ್ಲ. ಜುಲೈ ತಿಂಗಳಲ್ಲಿ ಒಂದು ದಿನ ಅನ್ನ ಅಗಿಯುವಾಗ ನನ್ನ ದವಡೆ ಹಲ್ಲು ಸೀಳಿತು. ಕಲ್ಲು ಕಚ್ಚಿರಲಿಲ್ಲ. ತಿಂಗಳುಗಟ್ಟಲೆ ಒತ್ತಿ ಒತ್ತಿ ಹಲ್ಲು ಸೋತಿತ್ತು. ಬೇರೆಯವರ ಬಿಗಿ ಬಿಡಿಸುವುದೇ ನನ್ನ ಕೆಲಸ, ನನ್ನ ಬಾಯೊಳಗಿನದ್ದು ನನಗೇ ಗೊತ್ತಾಗಿರಲಿಲ್ಲ. ಅದಕ್ಕೇ ಈ ಹೆಜ್ಜೆಗೆ ನಾನು ಇಷ್ಟು ಒತ್ತು ಕೊಡುವುದು.

ಮಾಡುವುದು ಸುಲಭ. ‘ನ’ ಅನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗಿತಲ್ಲ, ಅಲ್ಲೇ ಹಗುರವಾಗಿ ಇರಲಿ. ತುಟಿ ಮುಚ್ಚಿ. ಹಲ್ಲುಗಳ ನಡುವೆ ಸಣ್ಣ ಸಂದು ಇರಲಿ. ನಾಲಿಗೆ ಅಲ್ಲಿದ್ದಾಗ ಹಲ್ಲು ಕಚ್ಚುವುದು ತಾನಾಗಿಯೇ ಕಡಿಮೆಯಾಗುತ್ತದೆ. ಫೋನಿನ ಹಿಂದೆ, ಫ್ರಿಜ್ಜಿನ ಮೇಲೆ, ಕಂಪ್ಯೂಟರಿನ ಅಂಚಿನಲ್ಲಿ ಒಂದು ‘ನ’ ಬರೆದು ಅಂಟಿಸಿ. ಕಂಡಾಗಲೆಲ್ಲ ದವಡೆ ಬಿಡಿ. ಬೆಳಗ್ಗೆ ಏಳುವಾಗಲೇ ದವಡೆ ನೋಯುತ್ತಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಡುತ್ತಾರೆ, ಹಲ್ಲು ಉಳಿಯುತ್ತದೆ.

ಮೂರನೇ ಹೆಜ್ಜೆ: ಉಸಿರನ್ನು ಕುತ್ತಿಗೆಯಿಂದ ಕೆಳಗಿಳಿಸಿ

ಟೆನ್ಶನ್ ಇದ್ದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಪಕ್ಕೆಲುಬನ್ನು ಮೇಲೆತ್ತಲು ಕುತ್ತಿಗೆಯ ಸ್ನಾಯುಗಳು ಕೈಜೋಡಿಸುತ್ತವೆ. ನಾವು ನಿಮಿಷಕ್ಕೆ 12ರಿಂದ 16 ಸಲ ಉಸಿರಾಡುತ್ತೇವೆ. ದಿನಕ್ಕೆ ಲೆಕ್ಕ ಹಾಕಿದರೆ 17,000ಕ್ಕೂ ಜಾಸ್ತಿ. ಅಷ್ಟು ಸಲ ಕುತ್ತಿಗೆಯಿಂದ ಎತ್ತಿದರೆ ಅದು ಸುಸ್ತಾಗದೆ ಇರುತ್ತದಾ? ಉಸಿರಾಟದ ಕೆಲಸಕ್ಕೆ ವಪೆ ಇದೆ. ಎದೆಗೂ ಹೊಟ್ಟೆಗೂ ನಡುವಿನ ಆ ಸ್ನಾಯುವಿಗೆ ಕೆಲಸ ಒಪ್ಪಿಸಬೇಕು.

ಕೂತುಕೊಳ್ಳಿ ಅಥವಾ ಮಲಗಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕಳ ಮೇಲೆ. ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಕೆಳಗಿನ ಕೈ ಏಳಲಿ, ಮೇಲಿನದ್ದು ಹೆಚ್ಚು ಅಲುಗದಿರಲಿ. ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸುತ್ತ ಒಳಗೆ, ಆರರವರೆಗೆ ಎಣಿಸುತ್ತ ಹೊರಗೆ. ಹಿಡಿದಿಡುವುದು ಬೇಡ. ದೊಡ್ಡ ಉಸಿರೂ ಬೇಡ. ಜೋರಾಗಿ ಎಳೆದರೆ ತಲೆ ತಿರುಗುತ್ತದೆ. ಹೊರಗೆ ಬಿಡುವುದು ಉದ್ದವಾಗಿದ್ದರೆ ಸಾಕು. ಐದು ನಿಮಿಷ.

ಇದು ಕೆಲಸ ಮಾಡುತ್ತಾ ಅಂತ ಅನುಮಾನ ಇದ್ದರೆ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ. ಉಸಿರು ಒಳಗೆ ಹೋಗುವಾಗ ನಾಡಿ ಸ್ವಲ್ಪ ಬೇಗ ಬಡಿಯುತ್ತದೆ, ಹೊರಗೆ ಬರುವಾಗ ಸ್ವಲ್ಪ ನಿಧಾನವಾಗುತ್ತದೆ. ಹುಡುಗರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದ ಹಾಗೆ ವ್ಯತ್ಯಾಸ ಕಡಿಮೆ. ಹೃದಯವನ್ನು ಶಾಂತವಾಗಿಡುವ ವೇಗಸ್ ಅನ್ನುವ ನರದ ಕೆಲಸ ಇದು. ಟೆನ್ಶನ್‌ನ ಎಷ್ಟೋ ಸಂಗತಿ ನಮ್ಮ ಕೈಯಲ್ಲಿಲ್ಲ. ಉಸಿರು ಹೊರಗೆ ಬಿಡುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ.

ನಾಲ್ಕನೇ ಹೆಜ್ಜೆ: ಬಿಗಿ ಮಾಡಿ, ಆಮೇಲೆ ಬಿಡಿ

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ತಮ್ಮ ಬದುಕಿನ ಬಹುಪಾಲು ಸ್ನಾಯುವಿನ ಬಿಗಿಯನ್ನೇ ಅಳೆಯುತ್ತ ಕಳೆದರು. ಸುಮ್ಮನೆ ಮಲಗಿದ್ದೇನೆ ಅನ್ನುವವರ ಸ್ನಾಯುಗಳಲ್ಲೂ ಬಿಗಿ ಉಳಿದಿರುತ್ತದೆ ಅಂತ ಅವರು ಕಂಡರು. ಅದನ್ನು ಬಿಡಿಸುವ ವಿಧಾನವನ್ನು 1929ರಲ್ಲಿ ಪ್ರಕಟಿಸಿದರು. ಇವತ್ತಿಗೂ ನಾವು ಕಲಿಸುವುದು ಅದರ ಚಿಕ್ಕ ರೂಪವನ್ನೇ. ಒಂದು ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ, ಫಕ್ಕನೆ ಬಿಟ್ಟರೆ, ಬಿಗಿ ಅಂದರೆ ಯಾವುದು, ಸಡಿಲ ಅಂದರೆ ಯಾವುದು ಅಂತ ಮೈಗೆ ಪಕ್ಕಪಕ್ಕದಲ್ಲೇ ಗೊತ್ತಾಗುತ್ತದೆ.

ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಮೊಣಕಾಲ ಕೆಳಗೆ ದಿಂಬು ಇರಲಿ. ಫೋನ್ ಇನ್ನೊಂದು ಕೋಣೆಯಲ್ಲಿ. ಒಂದೇ ಕೋಣೆಯ ಮನೆಯಾದರೆ ಬ್ಯಾಗಿನೊಳಗೆ. 15 ನಿಮಿಷ ಸಾಕು. ಪ್ರತಿ ಜಾಗವನ್ನೂ 5 ಸೆಕೆಂಡ್ ಬಿಗಿ ಮಾಡಿ, ಪೂರ್ತಿ ಬಲ ಬೇಡ, ಮುಕ್ಕಾಲು ಸಾಕು. ಆಮೇಲೆ ಒಮ್ಮೆಗೇ ಬಿಟ್ಟು 20 ಸೆಕೆಂಡ್ ಸುಮ್ಮನಿರಿ. ಬಿಗಿ ಮಾಡುವಾಗ ಉಸಿರು ಕಟ್ಟಬೇಡಿ, ಬಿಪಿ ಇರುವವರು ಮುಖ್ಯವಾಗಿ.

ಬಲಗೈಯಿಂದ ಶುರು ಮಾಡಿ. ಮುಷ್ಟಿ ಹಿಡಿಯಿರಿ, ಮುಂಗೈಯ ಎಳೆತ ಗಮನಿಸಿ, ಬಿಡಿ. ಎಡಗೈ ಹಾಗೇ. ಮೊಣಕೈ ಮಡಚಿ ತೋಳಿನ ಮುಂಭಾಗ ಬಿಗಿ ಮಾಡಿ, ಬಿಡಿ. ಹುಬ್ಬು ಮೇಲೆತ್ತಿ, ಬಿಡಿ. ಕಣ್ಣು ಗಟ್ಟಿಯಾಗಿ ಮುಚ್ಚಿ, ಬಿಡಿ. ಹಲ್ಲನ್ನು ಹಗುರವಾಗಿ ಒತ್ತಿ, ಬಿಡಿ, ಬಾಯಿ ಸ್ವಲ್ಪ ತೆರೆದುಕೊಳ್ಳಲಿ. ಹೆಗಲನ್ನು ಕಿವಿಯವರೆಗೆ ಎತ್ತಿ, ಬಿಡಿ. ಹೆಗಲನ್ನು ಎರಡು ಸಲ ಮಾಡಿ, ಮುಂಬೈಯವರಿಗೆ ಅಲ್ಲೇ ಜಾಸ್ತಿ ಬೇಕು. ಆಮೇಲೆ ಹೊಟ್ಟೆ. ಆಮೇಲೆ ತೊಡೆ ಮತ್ತು ಕೂರುವ ಭಾಗ ಒಟ್ಟಿಗೆ. ಕೊನೆಗೆ ಪಾದದ ಬೆರಳನ್ನು ನಿಮ್ಮ ಮುಖದ ಕಡೆಗೆ ಎಳೆದು, ಬಿಡಿ. ಬೆರಳನ್ನು ಆಚೆ ಕಡೆಗೆ ಚಾಚಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ.

ಎಲ್ಲರೂ ಅವಸರ ಮಾಡುವುದು ಬಿಟ್ಟ ಮೇಲಿನ ಆ 20 ಸೆಕೆಂಡಿನಲ್ಲಿ. ಬಿಗಿ ಮಾಡಿದ್ದೇ ವ್ಯಾಯಾಮ, ನಡುವಿನದ್ದು ವಿಶ್ರಾಂತಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಲಿಯುವುದು ಆ 20 ಸೆಕೆಂಡಿನಲ್ಲೇ. ಕೈ ಭಾರವಾಯಿತಾ, ಬೆಚ್ಚಗಾಯಿತಾ, ನೆಲಕ್ಕೆ ಇಳಿಯಿತಾ ನೋಡುತ್ತಿರಿ. ಮೊದಲ ವಾರ ಏನೂ ಗೊತ್ತಾಗದಿರಬಹುದು. ನನ್ನಲ್ಲಿ ಕಲಿತವರಿಗೆ ಹೆಚ್ಚಾಗಿ ಎರಡನೇ ವಾರದಲ್ಲಿ ಕೈಯಲ್ಲಿ, ಮೂರನೇ ವಾರದಲ್ಲಿ ಹೆಗಲಿನಲ್ಲಿ ಗೊತ್ತಾಗಲು ಶುರುವಾಗುತ್ತದೆ. ಆಮೇಲೆ ಬಿಗಿ ಮಾಡುವುದೇ ಬೇಕಾಗುವುದಿಲ್ಲ. ‘ಬಿಡು’ ಅಂತ ನೆನಪಿಸಿಕೊಂಡರೆ ಸಾಕು, ಇಳಿಯುತ್ತದೆ.

ಡಿಸ್ಕ್ ನೋವು, ಹರ್ನಿಯಾ, ಇತ್ತೀಚೆಗೆ ಆಪರೇಷನ್ ಆದವರು, ಬಸುರಿಯರು ಆ ಭಾಗವನ್ನು ಬಿಗಿ ಮಾಡಬೇಡಿ, ಡಾಕ್ಟರನ್ನು ಕೇಳಿ ಮಾಡಿ. ಇನ್ನೊಂದು ಮಾತು. ಕೆಲವರಿಗೆ ಮೈ ಸಡಿಲಾಗುತ್ತಿದ್ದಂತೆ ಗಾಬರಿ ಏಳುತ್ತದೆ, ಕೆಲವರಿಗೆ ಅಳು ಬರುತ್ತದೆ. ತುಂಬಾ ದಿನ ಗಟ್ಟಿ ಹಿಡಿದುಕೊಂಡು ಬದುಕಿದವರಿಗೆ ಹೀಗಾಗುವುದನ್ನು ನೋಡಿದ್ದೇನೆ. ಹೆದರಬೇಡಿ. ಕಣ್ಣು ತೆರೆಯಿರಿ, ಎದ್ದು ಕೂತು ನೀರು ಕುಡಿಯಿರಿ, ಸ್ವಲ್ಪ ಓಡಾಡಿ. ಮರುದಿನ ಬರೀ ಕೈಗಳಷ್ಟೇ ಮಾಡಿ.

ಮಲಗಿ ಬಿಡುವುದು ನಮ್ಮವರಿಗೆ ಹೊಸದೇನಲ್ಲ. ಶವಾಸನ ಅದೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದು ಅಲ್ಲೇ ನೆಲೆಸಿದರು. ಪಿಟೀಲು ವಾದಕ ಯೆಹುದಿ ಮೆನುಹಿನ್ 1952ರಲ್ಲಿ ಮುಂಬೈಗೆ ಬಂದಾಗ ಅವರನ್ನು ಭೇಟಿಯಾದರು. ದಣಿದಿದ್ದರು, ಐದು ನಿಮಿಷ ಮಾತ್ರ ಸಮಯ ಅಂದಿದ್ದರು. ಅಯ್ಯಂಗಾರರು ಶವಾಸನದಲ್ಲಿ ಮಲಗಿಸಿದರು, ಮೆನುಹಿನ್ ನಿದ್ದೆ ಹೋಗಿಬಿಟ್ಟರು. ಪಿಟೀಲನ್ನು ದವಡೆಗೂ ಹೆಗಲಿಗೂ ನಡುವೆ ಹಿಡಿಯುವವರಿಗೆ ಆ ಬಿಡುಗಡೆ ಎಷ್ಟು ಬೇಕಿತ್ತೋ, ನನಗೆ ಅರ್ಥವಾಗುತ್ತದೆ. ಅಯ್ಯಂಗಾರರು ಕುರ್ಚಿ, ದಿಂಬು, ಬೆಲ್ಟುಗಳನ್ನು ಬಳಸಿ ಮುದುಕರೂ ರೋಗಿಗಳೂ ಆಸನ ಮಾಡುವ ಹಾಗೆ ಮಾಡಿದರು. ಅದನ್ನು ನೀವೂ ಬಳಸಿ. ನೆಲದ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟರೆ ಸೊಂಟ ನೆಲಕ್ಕೆ ಹರಡಿಕೊಳ್ಳುತ್ತದೆ. ಇಡೀ ದಿನ ನಿಂತು ಬಂದವರಿಗೆ ಹತ್ತು ನಿಮಿಷದ ಈ ವಿಶ್ರಾಂತಿ ನನ್ನ ಲೆಕ್ಕದಲ್ಲಿ ಒಂದು ಗಂಟೆಯ ಮಾಲೀಶಿಗಿಂತ ಮೇಲು.

ಐದನೇ ಹೆಜ್ಜೆ: ಟ್ರೇನಿನಲ್ಲೇ ಮಾಡಿಕೊಳ್ಳಿ

ಡೊಂಬಿವಲಿಯಿಂದ ಮುಂಬೈ ತುದಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ 48 ಕಿಲೋಮೀಟರ್. ಫಾಸ್ಟ್ ಲೋಕಲ್ ಸಿಕ್ಕರೂ ಗಂಟೆ ದಾಟುತ್ತದೆ. ಹೋಗಿ ಬರುವುದು ಸೇರಿ ಎರಡೂವರೆ ಗಂಟೆ. ‘ವ್ಯಾಯಾಮಕ್ಕೆ ಟೈಮ್ ಎಲ್ಲಿದೆ ಅಕ್ಕ’ ಅನ್ನುವ ಹುಡುಗಿಯರಿಗೆ ನಾನು ಈ ಎರಡೂವರೆ ಗಂಟೆಯನ್ನೇ ತೋರಿಸುತ್ತೇನೆ.

ಪ್ರತಿ ಸ್ಟೇಷನ್ನಿಗೂ ಮೊದಲು ‘ಪುಢೀಲ್ ಸ್ಟೇಷನ್’ ಅಂತ ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳುತ್ತಾರಲ್ಲ. ಅದನ್ನೇ ಗುರುತು ಮಾಡಿಕೊಳ್ಳಿ. ಮರಾಠಿಗೆ ದವಡೆ ಬಿಡಿ. ಹಿಂದಿಗೆ ಹೆಗಲು ಇಳಿಸಿ. ಇಂಗ್ಲಿಷಿಗೆ ಉದ್ದವಾಗಿ ಉಸಿರು ಬಿಡಿ. ಸ್ಲೋ ಲೋಕಲ್ ಆದರೆ ಇನ್ನೂ ಒಳ್ಳೆಯದು, ಸ್ಟೇಷನ್ ಜಾಸ್ತಿ. ಬೇರೆ ನೆನಪೇ ಬೇಡ, ರೈಲ್ವೆಯೇ ನೆನಪಿಸುತ್ತದೆ.

ನಿಂತಿದ್ದರೆ ಹಿಡಿಕೆಯನ್ನು ಬೀಳದಿರುವಷ್ಟು ಮಾತ್ರ ಹಿಡಿಯಿರಿ, ಜೀವ ಹೋಗುವ ಹಾಗೆ ಹಿಡಿಯಬೇಡಿ. ಎರಡು ಸ್ಟೇಷನ್ನಿಗೊಮ್ಮೆ ಕೈ ಬದಲಿಸಿ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಾಗಿ ಒತ್ತಿ ಕೂರುವ ‘ಚೌಥಿ ಸೀಟ್’ ಸಿಕ್ಕರೆ ಅರ್ಧ ಕೂತು ಅರ್ಧ ಕಾಲ ಮೇಲೆ ಭಾರ ಹಾಕಿರುತ್ತೇವೆ, ಸೊಂಟದ ಒಂದೇ ಬದಿ ಗಂಟೆಗಟ್ಟಲೆ ದುಡಿಯುತ್ತದೆ. ನನ್ನ ಮಾತು ಕೇಳುವುದಾದರೆ, ದಿನಾ ಸೊಂಟ ನೋವಿರುವವರು ಚೌಥಿ ಸೀಟಿಗಿಂತ ಬೆನ್ನಿಗೆ ಆಸರೆ ಸಿಗುವ ಕಡೆ ನಿಲ್ಲುವುದೇ ಮೇಲು. ಕೂತೇ ಹೋಗುವುದಾದರೆ ಬರುವಾಗ ಎದುರಿನ ಬದಿ ಕೂರಿ.

ಫೋನ್ ನೋಡುವುದಾದರೆ ಕಣ್ಣಿನ ಎತ್ತರಕ್ಕೆ ತನ್ನಿ. ತಲೆಯ ತೂಕವೇ ನಾಲ್ಕೂವರೆಯಿಂದ ಐದು ಕಿಲೋ. ಬಗ್ಗಿಸಿದಷ್ಟೂ ಅದನ್ನು ಹಿಡಿದಿಡುವ ಕುತ್ತಿಗೆಯ ಹಿಂಭಾಗಕ್ಕೆ ಕೆಲಸ ಜಾಸ್ತಿ.

ಅಡುಗೆಮನೆಯಲ್ಲಿ, ಆಫೀಸಿನಲ್ಲಿ

ಚಪಾತಿ ಲಟ್ಟಿಸುವಾಗ ಹೆಗಲು ಏಳುತ್ತಿದ್ದರೆ ಕಟ್ಟೆ ನಿಮಗೆ ಎತ್ತರ ಅಂತ ಅರ್ಥ. ಕಾಲ ಕೆಳಗೆ ಅಲುಗದ ಒಂದು ಗಟ್ಟಿ ಮಣೆ ಹಾಕಿಕೊಳ್ಳಿ. ಕುಕ್ಕರ್ ಕೂಗಿದಾಗೆಲ್ಲ ಒಮ್ಮೆ ಹೆಗಲು ಇಳಿಸಿ. ಕಂಪ್ಯೂಟರಿನ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ, ಅಷ್ಟೇ. ಸರಿಯಾದ ಭಂಗಿಯಲ್ಲಿ ಅಲುಗದೆ ಕೂರುವುದಕ್ಕಿಂತ ಆಗಾಗ ಭಂಗಿ ಬದಲಿಸುವುದು ಒಳ್ಳೆಯದು. ಸಂಜೆ ಕೈ ಬೀಸಿಕೊಂಡು 20 ನಿಮಿಷ ನಡೆಯಿರಿ. ಬೀಸುವ ಕೈ ಹೆಗಲನ್ನು ತಾನೇ ಸಡಿಲಿಸುತ್ತದೆ, ಹಾಗಾಗಿ ಕೈಯಲ್ಲಿ ಫೋನ್ ಬೇಡ. ನಾಲ್ಕು ಗಂಟೆಯ ನಂತರದ ಫಿಲ್ಟರ್ ಕಾಫಿ ನಿದ್ದೆಗೆ ಅಡ್ಡ ಬರುತ್ತಿದೆಯಾ ನೋಡಿಕೊಳ್ಳಿ. ನಿದ್ದೆ ಕೆಟ್ಟರೆ ಮರುದಿನ ನೋವು ಜಾಸ್ತಿ ಅನಿಸುತ್ತದೆ.

ಶಾಖ, ಎಣ್ಣೆ, ಮಾತ್ರೆ, ಮತ್ತು ಸಲೂನ್

ಶಾಖ ಒಳ್ಳೆಯದು. ಅಜ್ಜಿಯರು ಮಾಡುತ್ತಿದ್ದ ಹಾಗೆ ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಬಹುದು. ಬಿಸಿನೀರಿನ ಬ್ಯಾಗೂ ಆಗುತ್ತದೆ. 15 ನಿಮಿಷ ಸಾಕು. ಚರ್ಮ ತಡೆದುಕೊಳ್ಳುವಷ್ಟೇ ಬಿಸಿ ಇರಲಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಅಲ್ಲಿ ಶಾಖ ಕೊಡಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಭಾನುವಾರ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವ ರೂಢಿ ಮುಂಬೈಗೆ ಬಂದ ಮೇಲೆ ಬಿಟ್ಟಿದ್ದರೆ ಮತ್ತೆ ಶುರು ಮಾಡಿ. ಎಣ್ಣೆ ಯಾವುದಾದರೂ ಪರವಾಗಿಲ್ಲ. ಕೈಯ ಸ್ಪರ್ಶ, ನೀರಿನ ಬಿಸಿ, ಅವಸರ ಇಲ್ಲದ ಅರ್ಧ ಗಂಟೆ, ಕೆಲಸ ಮಾಡುವುದು ಇವು.

ಸಲೂನಿನಲ್ಲಿ ತಲೆಗೆ ಚಂಪಿ ಮಾಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕೊನೆಗೆ ಗಲ್ಲ ಹಿಡಿದು ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ಲಟಿಕೆ ತೆಗೆಯುತ್ತಾರಲ್ಲ, ಅದಕ್ಕೆ ಕೈ ಅಡ್ಡ ಹಿಡಿಯಿರಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳೊಳಗಿಂದಲೇ ಹಾದುಹೋಗುತ್ತವೆ. ಅಂಥ ತಿರುವಿನಲ್ಲಿ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು. ಅಪರೂಪ, ನಿಜ. ಆದರೆ ಒಂದು ಲಟಿಕೆಯ ಸುಖಕ್ಕೆ ಅಷ್ಟು ದೊಡ್ಡ ಅಪಾಯ ಯಾಕೆ?

ನೋವಿನ ಮಾತ್ರೆ ಎಂದೋ ಒಮ್ಮೆ ಸರಿ. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಸಾದಾ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಅಂಥವರು ತಾವೇ ಬಿಡಲು ಹೋಗದೆ ಡಾಕ್ಟರಿಗೆ ಹೇಳಿ ಬಿಡಿಸಿಕೊಳ್ಳಿ.

ಟೆನ್ಶನ್ ಅಂತ ಸುಮ್ಮನಿರಬಾರದ ನೋವು

ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಡಿ, ಬೆವರು ಬಂದರೆ ಅದು ಹೆಗಲ ನೋವಲ್ಲ. 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ ಕೆಲವೊಮ್ಮೆ ಎದೆನೋವೇ ಇಲ್ಲದೆ ಬರೀ ದವಡೆ, ಬೆನ್ನು, ಸುಸ್ತು, ವಾಕರಿಕೆ ಹೀಗೆ ಬರುತ್ತದೆ. ‘ಗ್ಯಾಸ್ ಇರಬೇಕು’ ಅಂತ ಕಾಯಬೇಡಿ. ಜ್ವರದ ಜೊತೆ ಕುತ್ತಿಗೆ ಬಗ್ಗದಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಒಮ್ಮೆಗೇ ಬಂದರೆ, ಕೈಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಇವನ್ನೂ ತೋರಿಸಿ.

ಮೈಯ ಬಿಗಿಯ ಹಿಂದೆ ತಡೆಯಲಾಗದಷ್ಟು ದುಃಖ, ಭಯ ಇದ್ದರೆ, ಬದುಕೇ ಬೇಡ ಅನಿಸಿದರೆ, 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದುಡ್ಡು ಕೊಡಬೇಕಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ನಮ್ಮ ಭಾಷೆಯಲ್ಲಿ ಹೇಳಿಕೊಂಡಾಗ ಮಾತು ಬೇರೆಯೇ ರೀತಿ ಹೊರಗೆ ಬರುತ್ತದೆ, ನನ್ನ ಕ್ಲಿನಿಕ್ಕಿನಲ್ಲಿ ದಿನಾ ನೋಡುತ್ತೇನೆ.

ಆರು ವಾರ ಮಾಡಿಯೂ ಬಿಗಿ ಇಳಿಯದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಹೋಗುವಾಗ ಆ ಮೂರು ದಿನದ ಚೀಟಿ ಒಯ್ಯಿರಿ. ನನ್ನಲ್ಲಿಗೆ ಬಂದರೆ ಫೈಲ್ ಬಿಡಿಸುವ ಮೊದಲು ನಾನು ಕೇಳುವುದು ಅದನ್ನೇ.